ಬೋರ್ಡಿನ ಮೇಲೆ 'ಸುಲಭ' ಅಂತ ಬರೆದಿತ್ತು

ಬೆಟ್ಟದ ಬುಡದಲ್ಲಿ ಒಂದು ಬೋರ್ಡಿದೆ. ಹಸಿರು ತಗಡಿನ ಮೇಲೆ ಬಿಳಿ ಅಕ್ಷರ. ಮೇಲೆ ದಾರಿಯ ಹೆಸರು. ಅದರ ಕೆಳಗೆ 'ಹೋಗಿ ಬರಲು 4 ಕಿ.ಮೀ.' ಅಂತಿದೆ. ಅದಕ್ಕೂ ಕೆಳಗೆ ಒಂದೇ ಪದ: ಸುಲಭ.

ಆ ಪದವನ್ನು ನಂಬಿ ನಾನು ಅಕ್ಕನನ್ನು ಕರೆದುಕೊಂಡು ಹೋದೆ. ಬೋರ್ಡನ್ನೇ ನಂಬಿದೆ ಅನ್ನುವುದೂ ಪೂರ್ತಿ ಸರಿಯಲ್ಲ. ಅಷ್ಟರಲ್ಲಾಗಲೇ ನಾನು ಆ ದಾರಿಯನ್ನು ಇಪ್ಪತ್ತು ಸಲವಾದರೂ ಹತ್ತಿ ಇಳಿದಿದ್ದೆ. ನಗರದ ಪಕ್ಕದ ಕಾಡುಬೆಟ್ಟ. ಮಧ್ಯಾಹ್ನ ಊಟ ಮಾಡಿ ಹೊರಟರೂ ಸಂಜೆಗೆ ಮನೆ ಸೇರಬಹುದು. ಕೆಲಸದ ತಲೆನೋವು ಜಾಸ್ತಿಯಾದಾಗೆಲ್ಲ ನಾನು ಓಡಿ ಹೋಗುತ್ತಿದ್ದದ್ದು ಅಲ್ಲಿಗೇ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. 'ನಂಗೂ ಒಂದ್ಸಲ ತೋರಿಸೇ' ಅಂತ ಅವಳು ಎಷ್ಟೋ ದಿನದಿಂದ ಕೇಳುತ್ತಿದ್ದಳು. 'ಒಂದೂವರೆ ಗಂಟೆ ಅಕ್ಕಾ, ಹೆಚ್ಚೆಂದರೆ' ಅಂದೆ.

ಮೂರೂಮುಕ್ಕಾಲು ಗಂಟೆ ಹಿಡಿಯಿತು.

ಹತ್ತುವಾಗ ನಾನು ಮುಂದೆ, ಅವಳು ಹಿಂದೆ. ನನ್ನ ವೇಗದಲ್ಲಿ ನಡೆದು ಒಂದು ತಿರುವಿನಲ್ಲಿ ನಿಲ್ಲುತ್ತಿದ್ದೆ. ಅವಳು ಏದುಸಿರು ಬಿಡುತ್ತಾ ಬಂದು ಸೇರಿದ ಕೂಡಲೇ 'ಹೊರಡೋಣ್ವಾ?' ಅನ್ನುತ್ತಿದ್ದೆ. ಇದರಲ್ಲಿರುವ ಅನ್ಯಾಯ ನನಗೆ ಹೊಳೆದದ್ದು ಬಹಳ ತಡವಾಗಿ. ಕಾಯುವಷ್ಟು ಹೊತ್ತೂ ನನಗೆ ವಿಶ್ರಾಂತಿ. ಅವಳು ಬಂದಳು ಅಂದರೆ ವಿಶ್ರಾಂತಿ ಮುಗಿಯಿತು. ಯಾರಿಗೆ ದಣಿವು ಜಾಸ್ತಿಯೋ ಅವರಿಗೇ ಕೂರಲು ಒಂದು ನಿಮಿಷವೂ ಸಿಗುವುದಿಲ್ಲ. ಗುಂಪಿನಲ್ಲಿ ಬೆಟ್ಟ ಹತ್ತಿದವರೆಲ್ಲ ಇದನ್ನು ಒಂದಲ್ಲ ಒಂದು ಸಲ ಮಾಡಿರುತ್ತಾರೆ. ಕಾಯ್ದೆವಲ್ಲ ಅಂತ ಒಳಗೊಳಗೇ ಹೆಮ್ಮೆ ಬೇರೆ.

ತುದಿಗೆ ಇನ್ನು ಕಾಲು ಗಂಟೆ ದಾರಿ ಅನ್ನುವಾಗ ಅವಳು ಒಂದು ಬಂಡೆಯ ಮೇಲೆ ಕೂತುಬಿಟ್ಟಳು. 'ನೀ ಹೋಗ್ಬಾ, ನಾ ಇಲ್ಲೇ ಇರ್ತೀನಿ.' ನಾನು ಹೋದೆ. ಗೊತ್ತಿಲ್ಲದ ಕಾಡಿನಲ್ಲಿ ಅವಳೊಬ್ಬಳನ್ನೇ ಬಿಟ್ಟು, ಇಪ್ಪತ್ತು ಸಲ ನೋಡಿದ ತುದಿಯನ್ನು ಇಪ್ಪತ್ತೊಂದನೇ ಸಲ ನೋಡಲು ಹೋದೆ. ವಾಪಸ್ ಬಂದಾಗ ಅವಳು ಕತ್ತನ್ನು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಿದ್ದಳು.

'ಇಲ್ನೋಡೇ, ಈ ಮರಗಳು ಒಂದನ್ನೊಂದು ಮುಟ್ಟಿಸಿಕೊಳ್ಳದ ಹಾಗೆ ನಿಂತಿವೆ' ಅಂದಳು.

ನಾನು ಮೇಲೆ ನೋಡಲಿಲ್ಲ. ಗಡಿಯಾರ ನೋಡಿದೆ. 'ಹೌದಾ? ನಡಿ ನಡಿ, ಹೊತ್ತಾಯ್ತು' ಅಂದೆ.

ನಿಜವಾದ ಕಷ್ಟ ಶುರುವಾದದ್ದು ಇಳಿಯುವಾಗ. ಒಣಗಿದ ತರಗೆಲೆ, ಅದರಡಿ ಸಣ್ಣ ಜಲ್ಲಿ. ಒಂದು ಕಡೆ ಜಾರಿ ಕೂತಳು. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಆದರೆ ಅಲ್ಲಿಂದ ಮುಂದೆ ಒಂದೊಂದು ಹೆಜ್ಜೆಯನ್ನೂ ಅಳೆದು ಅಳೆದು ಇಟ್ಟಳು. ಮನೆಗೆ ಹೋಗುವ ತನಕ ಮಾತಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡು ಹೇಳಿದಳು: 'ಆ ಬೋರ್ಡು ಬರೆದವರಿಗೆ ಮಂಡಿ ಇಲ್ಲ ಅಂತ ಕಾಣತ್ತೆ ಕಣೇ.'

ಎರಡು ದಿನ ಅವಳಿಗೆ ಮೆಟ್ಟಿಲು ಇಳಿಯಲು ಆಗಲಿಲ್ಲ. ಹೆಬ್ಬೆರಳಿನ ಉಗುರು ಕಪ್ಪಾಯಿತು.

ಆಮೇಲೆ ನನಗೊಂದು ಹುಳ ಹೊಕ್ಕಿತು. ಸುಲಭ ಅಂದರೆ ಏನು? ಯಾರು ಅಳೆದರು, ಹೇಗೆ ಅಳೆದರು?

ಹುಡುಕಿದಾಗ ಮೊದಲು ಸಿಕ್ಕಿದ್ದು ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟಗಾರ. 1892ರಲ್ಲಿ ಅವರು ಒಂದು ಲೆಕ್ಕ ಕೊಟ್ಟರು. ಬೆಟ್ಟ ನಡೆಯುವವರು ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದಾರೆ. ಮೂರು ಮೈಲಿಗೆ ಒಂದು ಗಂಟೆ. ಅದರ ಮೇಲೆ, ಏರಿದ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಗಂಟೆಗೆ ಸುಮಾರು 5 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ನಮ್ಮ ದಾರಿಗೆ ಇದನ್ನು ಹಾಕಿ ನೋಡಿದೆ. 4 ಕಿಲೋಮೀಟರಿಗೆ 50 ನಿಮಿಷ, 300 ಮೀಟರ್ ಏರಿಗೆ 30 ನಿಮಿಷ. ಒಟ್ಟು 80 ನಿಮಿಷ. ನಾನು ಅಕ್ಕನಿಗೆ ಹೇಳಿದ ಒಂದೂವರೆ ಗಂಟೆ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು!

ತಪ್ಪಿದ್ದದ್ದು ಬೇರೆ ಕಡೆ. ಈ ಲೆಕ್ಕ ಮಾಡಿದ್ದು ಗಟ್ಟಿಮುಟ್ಟಾದ ಆಳಿಗೆ. ನಡುವೆ ಕೂರುವುದು, ನೀರು ಕುಡಿಯುವುದು, ಹಕ್ಕಿ ನೋಡುವುದು ಯಾವುದೂ ಅದರಲ್ಲಿಲ್ಲ. ಮತ್ತೆ, ಇಳಿಜಾರು ಅಂದರೆ ಸಮತಟ್ಟಾದ ನೆಲ ಇದ್ದ ಹಾಗೆ ಅಂತ ಅದು ಅಂದುಕೊಂಡುಬಿಡುತ್ತದೆ. ಎಷ್ಟೋ ಕಾಲದ ಮೇಲೆ ಎರಿಕ್ ಲ್ಯಾಂಗ್ಮುಯರ್ ಅನ್ನುವವರು ಇದನ್ನು ತಿದ್ದಿದರು. ಇಳಿಜಾರು ಮೆತ್ತಗಿದ್ದರೆ ಪ್ರತಿ 300 ಮೀಟರಿಗೆ 10 ನಿಮಿಷ ಕಳೆಯಿರಿ. ಕಡಿದಾಗಿದ್ದರೆ 10 ನಿಮಿಷ ಕೂಡಿಸಿ. ಕಡಿದು ಅಂದರೆ 12 ಡಿಗ್ರಿಗಿಂತ ಜಾಸ್ತಿ. ವಾಲ್ಡೋ ಟೋಬ್ಲರ್ ಅನ್ನುವ ಭೂಗೋಳ ತಜ್ಞರು 1993ರಲ್ಲಿ ಇದನ್ನೆಲ್ಲ ಒಂದು ಸೂತ್ರಕ್ಕೆ ಇಳಿಸಿದರು. ಅದರ ಪ್ರಕಾರ ಮನುಷ್ಯ ಅತಿ ವೇಗವಾಗಿ ನಡೆಯುವುದು ಸಮತಟ್ಟಿನ ಮೇಲಲ್ಲ, ನೂರಕ್ಕೆ ಐದರಷ್ಟು ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾಯಿತೋ, ಮತ್ತೆ ನಿಧಾನ. ಆಮೇಲೆ ಇಳಿಯುವುದು ಅಂದರೆ ನಡಿಗೆಯಲ್ಲ, ಬ್ರೇಕ್ ಹಾಕುವ ಕೆಲಸ.

ಆ ಬ್ರೇಕ್ ಇರುವುದು ತೊಡೆಯಲ್ಲಿ. ಹತ್ತುವಾಗ ತೊಡೆಯ ಸ್ನಾಯು ಮುದುಡುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಎಳೆದುಕೊಳ್ಳುತ್ತಾ, ಮೈಭಾರವನ್ನು ತಡೆಯುತ್ತಾ ಕೆಲಸ ಮಾಡುತ್ತದೆ. ಈ ಎರಡನೇ ಕೆಲಸದಲ್ಲೇ ಸ್ನಾಯುವಿನ ಎಳೆಗಳಿಗೆ ಪೆಟ್ಟು ಜಾಸ್ತಿ. ಉಸಿರು ಕಟ್ಟುವುದು ಹತ್ತುವಾಗ, ನೋವು ಬರುವುದು ಇಳಿದದ್ದಕ್ಕೆ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ಕಳೆದ ಮೇಲೆ. ಅಕ್ಕ ಮೂರನೇ ದಿನವೂ ಕುರ್ಚಿಯಿಂದ ಏಳುವಾಗ 'ಅಮ್ಮಾ' ಅನ್ನುತ್ತಿದ್ದದ್ದಕ್ಕೆ ಕಾರಣ ಇದು.

ಬೋರ್ಡಿನಲ್ಲಿ 4 ಕಿಲೋಮೀಟರ್ ಅಂತ ಇತ್ತೇ ಹೊರತು 300 ಮೀಟರ್ ಏರು ಅಂತ ಇರಲಿಲ್ಲ. ನನ್ನ ಪ್ರಕಾರ ಬೇಕಾದದ್ದು ಎರಡನೆಯದೇ. ದೂರ ನಿಮಗೆ ಅರ್ಧ ವಿಷಯವನ್ನೂ ಹೇಳುವುದಿಲ್ಲ. ಎರಡು ಕಿಲೋಮೀಟರಿನಲ್ಲಿ 300 ಮೀಟರ್ ಏರುವುದು ಅಂದರೆ ನೂರು ಹೆಜ್ಜೆಗೆ ಹದಿನೈದು ಹೆಜ್ಜೆ ಎತ್ತರ. ಅದೇ ಏರನ್ನು ಐದು ಕಿಲೋಮೀಟರಿಗೆ ಹರಡಿದರೆ ಬೇರೆಯೇ ದಾರಿ. ಉದ್ದವಾದ ದಾರಿಯೇ ಸುಲಭದ ದಾರಿ ಆಗಿಬಿಡುತ್ತದೆ. ಈಗ ನಾನು ನಕ್ಷೆಯಲ್ಲಿ ಮೊದಲು ನೋಡುವುದು ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು. ಬಿಡಿಬಿಡಿಯಾಗಿದ್ದರೆ ಆರಾಮ. ಕಾಲುದಾರಿ ಆ ಗೆರೆಗಳನ್ನು ನೇರವಾಗಿ ಕತ್ತರಿಸಿಕೊಂಡು ಹೋಗುತ್ತಿದೆಯೋ, ಅವುಗಳ ಜೊತೆಗೇ ಓರೆಯಾಗಿ ಸಾಗುತ್ತಿದೆಯೋ ಅಂತ ನೋಡಿಕೊಂಡರೆ ಸಾಕು, ಮಂಡಿಯ ಭವಿಷ್ಯ ಗೊತ್ತಾಗುತ್ತದೆ.

ಹಾವಿನ ಹಾಗೆ ಸುತ್ತುವ ದಾರಿಗಳ ಬಗ್ಗೆ ನನಗೆ ಮೊದಲು ಅಸಹನೆ ಇತ್ತು. ಮೇಲಿನ ತಿರುವು ಕಣ್ಣೆದುರೇ ಕಾಣುತ್ತಿರುತ್ತದೆ. ಸುತ್ತಿ ಹೋಗುವ ಬದಲು ನೇರ ಹತ್ತಿಬಿಡೋಣ ಅನಿಸುತ್ತದೆ. ನನ್ನಂಥವರು ಹತ್ತಿ ಹತ್ತಿಯೇ ಆ ಜಾಗಗಳಲ್ಲೆಲ್ಲ ಒಂದೊಂದು ಅಡ್ಡದಾರಿ ಬಿದ್ದಿದೆ. ಮೊದಲ ಜೋರು ಮಳೆಗೆ ನೀರು ಆ ಅಡ್ಡದಾರಿಯನ್ನೇ ಹಿಡಿಯುತ್ತದೆ. ಸುತ್ತುದಾರಿಯಲ್ಲಾದರೆ ನೀರು ಅಂಚಿನಿಂದ ಕೆಳಗೆ ಸರಿದು ಹೋಗುತ್ತದೆ. ನೇರ ದಾರಿಯಲ್ಲಿ ವೇಗ ಹಿಡಿದು, ಮಣ್ಣು ಕೊರೆದು, ಬೇರು ಬಯಲಾಗಿಸಿ, ಎರಡು ಮೂರು ವರ್ಷದಲ್ಲಿ ಅದನ್ನೊಂದು ಕೊರಕಲು ಮಾಡಿಬಿಡುತ್ತದೆ. ಅಕ್ಕ ಜಾರಿ ಕೂತದ್ದು ಅಂಥದೇ ಒಂದು ಅಡ್ಡದಾರಿಯಲ್ಲಿ. ಅಲ್ಲಿಂದ ಕರೆದುಕೊಂಡು ಹೋದದ್ದು ನಾನು. ಐದು ನಿಮಿಷ ಉಳಿಸಲು!

ಇಷ್ಟಕ್ಕೂ ಬೆಟ್ಟದ ದಾರಿಯನ್ನು ಬೇಕೆಂದೇ ಸುಲಭ ಮಾಡಿದವರೂ ಇದ್ದಾರೆ. ಕೆನಡಾದ ಮಾಂಟ್ರಿಯಲ್ ನಗರದ ನಡುವೆ ಮೌಂಟ್ ರಾಯಲ್ ಅನ್ನುವ ಗುಡ್ಡವಿದೆ. ಎತ್ತರ ಬರೀ 233 ಮೀಟರ್. ಅಲ್ಲಿ 1876ರಲ್ಲಿ ಉದ್ಯಾನ ತೆರೆದರು. ಅದನ್ನು ರೂಪಿಸಿದವರು ಫ್ರೆಡರಿಕ್ ಲಾ ಓಮ್‌ಸ್ಟೆಡ್. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಇಬ್ಬರಲ್ಲಿ ಒಬ್ಬರು. ಇಷ್ಟು ಚಿಕ್ಕ ಗುಡ್ಡಕ್ಕೆ ಮೆಟ್ಟಿಲು ಕಟ್ಟಿಬಿಡಬಹುದಿತ್ತು. ಅವರು ಕಾಡಿನ ಒಳಗೆ ಬಳಸಿ ಬಳಸಿ ಏರುವ ಉದ್ದನೆಯ ದಾರಿ ಹಾಕಿದರು. ಏರು ಎಷ್ಟು ಮೆತ್ತಗೆ ಅಂದರೆ ಕುದುರೆಗಾಡಿಯೂ ಸಾಗಬೇಕು, ಕಾಯಿಲೆಯಿಂದ ಎದ್ದವರೂ ಹೋಗಬೇಕು. ಬೆಟ್ಟ ಹತ್ತುತ್ತಿದ್ದೇವೆ ಅಂತ ಮೈಗೆ ಗೊತ್ತಾಗದೆ, ಒಂದೊಂದೇ ತಿರುವಿಗೆ ಒಂದೊಂದು ನೋಟ ತೆರೆದುಕೊಳ್ಳಬೇಕು. ಅದನ್ನು ಓದಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಸುಲಭದ ದಾರಿ ಅಂದರೆ ಕಷ್ಟದ ದಾರಿ ಹತ್ತಲಾಗದವರಿಗೆ ಬಿಟ್ಟ ಎರಡನೇ ದರ್ಜೆ ಅಂತ ನಾನು ತಿಳಿದಿದ್ದೆ. ಕಡಿದಾದ ದಾರಿ ಹಾಕಲು ಬುದ್ಧಿ ಬೇಡ, ಆಡು ಕೂಡ ಹಾಕುತ್ತದೆ. ಮೆತ್ತಗಿನ ದಾರಿ ಹಾಕಲು ಬೆಟ್ಟವನ್ನು ಓದಿರಬೇಕು.

ಹಾಗೆ ಓದುತ್ತಾ ಇನ್ನೊಂದು ಬೆಟ್ಟವೂ ಸಿಕ್ಕಿತು. ಬ್ರೆಜಿಲ್ ದೇಶದ ರಿಯೋ ಡಿ ಜನೈರೊ ನಗರಕ್ಕೆ ಅಂಟಿಕೊಂಡ ಟಿಜುಕಾ ಕಾಡು. ಚಿತ್ರದಲ್ಲಿ ನೋಡಿದರೆ ಆದಿಕಾಲದಿಂದ ಹಾಗೇ ನಿಂತಿದೆ ಅನಿಸುತ್ತದೆ. ಹಾಗಲ್ಲ. ಕಾಫಿ ತೋಟಕ್ಕಾಗಿ ಆ ಬೆಟ್ಟಗಳನ್ನು ಬೋಳಿಸಿದ್ದರು. ತೊರೆಗಳು ಸೊರಗಿದವು. ಕೆಳಗಿನ ನಗರಕ್ಕೆ ಕುಡಿಯುವ ನೀರಿನ ತತ್ವಾರ ಬಂತು. 1861ರಲ್ಲಿ ಚಕ್ರವರ್ತಿ ಎರಡನೇ ಪೆಡ್ರೊ ಅವರ ಸರ್ಕಾರ ಮತ್ತೆ ಕಾಡು ಬೆಳೆಸಲು ಹೊರಟಿತು. ಉಸ್ತುವಾರಿ ಮೇಜರ್ ಮನುವೆಲ್ ಗೋಮೆಸ್ ಆರ್ಚರ್ ಅವರದು. ಗುಂಡಿ ತೋಡಿ ಸಸಿ ಹೊತ್ತವರು ಗುಲಾಮರು. ಸರಿಯಾಗಿ ನೂರು ವರ್ಷದ ಮೇಲೆ, 1961ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಈಗ ಅಲ್ಲಿ ಭಾನುವಾರ ಸುಮ್ನೆ ನಡೆಯಲು ಹೋಗುವವರು ನಡೆಯುವುದು ಆ ಜನ ನೆಟ್ಟ ನೆರಳಿನಲ್ಲಿ. ಕಾಡು ಉಳಿಸಿದ್ದು ನೋಟಕ್ಕಾಗಿ ಅಲ್ಲ, ನಲ್ಲಿಗಾಗಿ. ನಗರದ ಪಕ್ಕದ ಎಷ್ಟೋ ಬೆಟ್ಟಗಳ ಕಥೆ ಇದೇ. ಕೆಳಗಿನವರಿಗೆ ನೀರು ಬೇಕಿತ್ತು, ಅದಕ್ಕೆ ಮೇಲಿನ ಮರ ಉಳಿಯಿತು. ನಮ್ಮ ನಡಿಗೆ ಅದರ ಮೇಲಿನ ಲಾಭ.

ತಂಪಿನ ವಿಷಯವೂ ಸ್ವಲ್ಪ ಹೀಗೇ. ಬೆಟ್ಟದ ಮೇಲೆ ತಂಪು ಅನ್ನುತ್ತೇವೆ. ಲೆಕ್ಕ ನೋಡಿದರೆ ಸಾವಿರ ಮೀಟರ್ ಮೇಲೇರಿದಾಗ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ನಮ್ಮ ಬೆಟ್ಟದ 300 ಮೀಟರಿಗೆ ಎರಡು ಡಿಗ್ರಿ ಬಂದರೆ ಹೆಚ್ಚು. ಆದರೆ ಬೋರ್ಡು ದಾಟಿ ಐವತ್ತು ಹೆಜ್ಜೆ ಇಡುವಷ್ಟರಲ್ಲೇ, ಇನ್ನೂ ಒಂದು ಮೀಟರೂ ಏರುವ ಮೊದಲೇ, ಕತ್ತಿನ ಬೆವರು ತಣ್ಣಗಾಗುತ್ತದೆ ಅಲ್ವಾ? ಅದು ಬೆಟ್ಟದ ತಂಪಲ್ಲ, ಮರದ್ದು. ನೆರಳು ಒಂದು. ಎಲೆಗಳು ಬೇರಿನಿಂದ ಎಳೆದ ನೀರನ್ನು ಆವಿ ಮಾಡಿ ಬಿಡುವುದು ಇನ್ನೊಂದು.

ಅಕ್ಕ ಮತ್ತೆ ಬರುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಆರು ತಿಂಗಳ ಮೇಲೆ ಅವಳೇ ಕೇಳಿದಳು. 'ಆ ಬೆಟ್ಟಕ್ಕೆ ಹೋಗೋಣ್ವಾ? ಆದ್ರೆ ಈ ಸಲ ನಾ ಮುಂದೆ.'

ಅವಳು ಮುಂದೆ, ನಾನು ಹಿಂದೆ. ಇಷ್ಟೇ ಬದಲಾದದ್ದು. ನಿಧಾನದವರು ಮುಂದಿದ್ದರೆ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಅವಳು ನಿಂತಾಗ ಇಬ್ಬರೂ ನಿಲ್ಲುತ್ತೇವೆ. ಇಬ್ಬರಿಗೂ ಅಷ್ಟೇ ವಿಶ್ರಾಂತಿ. ವೇಗಕ್ಕೆ ಒಂದೇ ಅಳತೆ, ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ನಡುವೆ ಉಸಿರಿಗಾಗಿ ಪದ ತುಂಡಾದರೆ ಜೋರಾಯಿತು ಅಂತ ಅರ್ಥ. ಅಕ್ಕನಿಗೆ ಮಾತು ಜಾಸ್ತಿ, ಹಾಗಾಗಿ ಈ ಅಳತೆ ಅವಳಿಗೆ ಹೇಳಿ ಮಾಡಿಸಿದ ಹಾಗಿದೆ.

ಸಣ್ಣ ಪುಟ್ಟ ತಯಾರಿಯೂ ಮಾಡಿಕೊಂಡೆವು. ಶೂ ಅರ್ಧ ಸೈಜ್ ದೊಡ್ಡದು, ಯಾಕೆಂದರೆ ನಡೆದಂತೆ ಪಾದ ಊದುತ್ತದೆ. ಇಳಿಯುವ ಮೊದಲು ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡಬೇಕು, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಬೆರಳು ಗುದ್ದುತ್ತದೆ. ಉಗುರು ಕಪ್ಪಾಗುವುದು ಅದಕ್ಕೇ. ಉಗುರು ಹಿಂದಿನ ದಿನವೇ ಕತ್ತರಿಸಿರಬೇಕು. ಒಂದು ಕೋಲು. ಹತ್ತುವಾಗ ಗಿಡ್ಡ, ಇಳಿಯುವಾಗ ಉದ್ದ ಹಿಡಿಯಬೇಕು. ನೀರು, ಟಾರ್ಚು, ಒಂದು ಸೀಟಿ. ಅಷ್ಟು ಸಾಕು. ಅಂಗಡಿಯವರು ಹೇಳುವ ಉಳಿದ ಸಾಮಾನೆಲ್ಲ ಹಿಮಾಲಯಕ್ಕೆ ಇರಲಿ.

ಟಾರ್ಚು ಮತ್ತು ಸೀಟಿ ಸುಲಭದ ದಾರಿಗೆ ಯಾಕೆ ಅಂತ ಅಕ್ಕನೂ ಕೇಳಿದಳು. ಅವಳಿಗೆ ಅದುವರೆಗೆ ಹೇಳದೇ ಇದ್ದ ಒಂದು ವಿಷಯ ಆವತ್ತು ಹೇಳಿದೆ.

ಅದಕ್ಕೂ ಒಂದು ವರ್ಷ ಹಿಂದೆ, ಇದೇ ಬೆಟ್ಟದಲ್ಲಿ, ಇದೇ ಸುಲಭದ ದಾರಿಯಲ್ಲಿ ನಾನು ದಾರಿ ತಪ್ಪಿದ್ದೆ. ಮೋಡ ಕವಿದ ದಿನ. ಎಷ್ಟೋ ಸಲ ಬಂದ ದಾರಿ ಅಂತ ಫೋನಿನಲ್ಲಿ ಮಾತಾಡುತ್ತಾ ನಡೆದೆ. ಎಲ್ಲೋ ಒಂದು ಕವಲಿನಲ್ಲಿ ದನವೋ ಕಾಡುಹಂದಿಯೋ ತುಳಿದ ಜಾಡು ಹಿಡಿದಿದ್ದೇನೆ. ಸ್ವಲ್ಪ ಹೊತ್ತಿಗೆ ಜಾಡು ಪೊದೆಯೊಳಗೆ ಮಾಯ. ವಾಪಸ್ ಹೋಗೋಣ ಅಂತ ತಿರುಗಿದೆ. ನೇರವಾಗಿ ನಡೆಯುತ್ತಿದ್ದೇನೆ ಅಂತ ನನಗೆ ಖಾತ್ರಿ ಇತ್ತು. ಮುಕ್ಕಾಲು ಗಂಟೆ ನಡೆದ ಮೇಲೆ ಎದುರಿಗೆ ಒಂದು ಮುರಿದ ಕೊಂಬೆ ಕಂಡಿತು. ಅದನ್ನು ದಾಟಲು ಕೈಯಾರೆ ಮುರಿದವಳು ನಾನೇ.

ಕಾಡಿನಲ್ಲಿ ತಪ್ಪಿಸಿಕೊಂಡವರು ಸುತ್ತಿದಲ್ಲೇ ಸುತ್ತುತ್ತಾರೆ ಅನ್ನುವುದು ಅಜ್ಜಿಕಥೆ ಅಂತ ನಾನು ತಿಳಿದಿದ್ದೆ. 2009ರಲ್ಲಿ ಯಾನ್ ಸೌಮನ್ ಮತ್ತು ಜೊತೆಗಾರರು ಇದನ್ನು ನಿಜವಾಗಿ ಪರೀಕ್ಷೆ ಮಾಡಿ ನೋಡಿದರು. ಜರ್ಮನಿಯ ಒಂದು ದೊಡ್ಡ ಕಾಡಿನಲ್ಲಿ ಆರು ಜನರಿಗೆ ಜಿಪಿಎಸ್ ಕಟ್ಟಿ, ನೇರವಾಗಿ ನಡೆಯಿರಿ ಅಂದರು. ಮೋಡದ ದಿನ ನಡೆದ ನಾಲ್ವರೂ ಸುತ್ತು ಹೊಡೆದರು. ಅವರಲ್ಲಿ ಮೂವರು ತಮ್ಮದೇ ದಾರಿಯನ್ನು ಮತ್ತೆ ಮತ್ತೆ ದಾಟಿದರು, ಅವರಿಗೆ ಅದು ಗೊತ್ತೇ ಆಗಲಿಲ್ಲ. ಸೂರ್ಯ ಕಂಡ ದಿನ ನಡೆದ ಇಬ್ಬರು ಮಾತ್ರ ಹೆಚ್ಚು ಕಡಿಮೆ ನೆಟ್ಟಗೆ ಹೋದರು. ನಮಗೆ ದಿಕ್ಕು ಗೊತ್ತಿದೆ ಅನ್ನುವ ಧೈರ್ಯ ಇರುವುದು ತಲೆಯೊಳಗಲ್ಲ. ಅದು ಹೊರಗಿನ ಸೂರ್ಯನದೋ, ದೂರದ ಗುಡ್ಡದ್ದೋ ಸಾಲ.

ಆವತ್ತು ನಾನು ಮಾಡಿದ ಒಂದೇ ಸರಿ ಕೆಲಸ ಅಂದರೆ ಆ ಕೊಂಬೆಯ ಹತ್ತಿರ ಕೂತದ್ದು. ಕೂತು ಹತ್ತು ನಿಮಿಷ ಸುಮ್ಮನಿದ್ದೆ. ಎದೆ ಬಡಿತ ಇಳಿಯಿತು. ಆಗ ದೂರದಲ್ಲಿ ಮಕ್ಕಳ ಕೂಗು ಕೇಳಿಸಿತು, ದಾರಿ ಇದ್ದದ್ದು ಅತ್ತ. ತೊರೆ ಹಿಡಿದು ಕೆಳಗಿಳಿದರೆ ಊರು ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನಂತೂ ಅದನ್ನು ಯಾರಿಗೂ ಹೇಳುವುದಿಲ್ಲ. ತೊರೆಗೆ ಊರಿನ ಚಿಂತೆ ಇಲ್ಲ, ಬಂಡೆಯ ಅಂಚು ಸಿಕ್ಕರೆ ಹಾರಿಬಿಡುತ್ತದೆ. ನಾವು ಹಾರಲು ಆಗುವುದಿಲ್ಲ.

ಕಷ್ಟದ ದಾರಿಗೆ ಹೋಗುವವರು ಹತ್ತು ಸಲ ಯೋಚನೆ ಮಾಡಿ ಹೋಗುತ್ತಾರೆ. ಸುಲಭದ ದಾರಿಗೆ ಚಪ್ಪಲಿ ಮೆಟ್ಟಿಕೊಂಡು, ನೀರಿಲ್ಲದೆ, ಸಂಜೆ ನಾಲ್ಕೂವರೆಗೆ ಹೋಗುತ್ತಾರೆ. ಯಾರಿಗೂ ಹೇಳಿಯೂ ಹೋಗಿರುವುದಿಲ್ಲ. ನಾನು ಹೇಳಿರಲಿಲ್ಲ.

'ನನಗ್ಯಾಕೆ ಹೇಳ್ಲಿಲ್ಲ?' ಅಂತ ಅಕ್ಕ ಕೇಳಿದಳು. ಉತ್ತರ ಇರಲಿಲ್ಲ. ಈಗ ಎಲ್ಲಿಗೆ ಹೋದರೂ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಅವಳಿಗೊಂದು ಮೆಸೇಜ್ ಹಾಕಿಯೇ ಹೊರಡುತ್ತೇನೆ.

ಅಕ್ಕನ ವೇಗದಲ್ಲಿ ನಡೆಯಲು ಶುರು ಮಾಡಿದ ಮೇಲೆ ಆ ದಾರಿ ಉದ್ದವಾಯಿತು. ಮೊದಲ ತಿರುವಿನ ಆಚೆ ಒಂದು ದೊಡ್ಡ ಮರ ಬಿದ್ದಿದೆ. ಅದನ್ನು ನಾನು ಹಾರಿ ದಾಟುತ್ತಿದ್ದೆ. ಅಕ್ಕನಿಗೆ ಹಾರಲು ಆಗುವುದಿಲ್ಲ, ಅದರ ಮೇಲೆ ಕೂತು, ತಿರುಗಿ, ಆಚೆಗೆ ಕಾಲು ಹಾಕಬೇಕು. ಕೂತವಳು ಕೂತೇ ಇದ್ದಳು. ಬೊಡ್ಡೆಯ ಒಂದು ಬದಿ ಪೂರ್ತಿ ಪಾಚಿ, ಇನ್ನೊಂದು ಬದಿ ಒಣ. ಬೆರಳಿಟ್ಟರೆ ಪುಡಿಯಾಗುವ ಮರ, ಒಳಗೆ ಗೆದ್ದಲು. ಮೇಲೆ ಅಂಗೈಯಂಥ ಅಣಬೆಗಳ ಸಾಲು. ತೊಗಟೆ ಸೀಳಿದ ಕಡೆ ಸಣ್ಣದೊಂದು ಸಸಿ ಎದ್ದಿದೆ. ನೆಲದ ಮೇಲೆ ತರಗೆಲೆಯ ದಪ್ಪ ಹೊದಿಕೆ, ಅಲ್ಲಿ ಎಳೆಯ ಬೇರಿಗೆ ಮಣ್ಣು ಸಿಗುವುದೇ ಕಷ್ಟ. ಸತ್ತ ಮರದ ಬೆನ್ನು ಹತ್ತಿದ ಬೀಜಕ್ಕೆ ಬೆಳಕೂ ಇದೆ, ತೇವವೂ ಇದೆ. ಅಲ್ಲಿ ಅರ್ಧ ಗಂಟೆ ಹೋಯಿತು. ಬೋರ್ಡಿನಿಂದ ನಾವಿನ್ನೂ ಮುನ್ನೂರು ಮೀಟರ್ ದೂರ ಬಂದಿರಲಿಲ್ಲ.

ಪಕ್ಕದ ಬಂಡೆಯ ಮೇಲೆ ಬೂದು ಬಣ್ಣದ ಕಲ್ಲುಹೂವು. ಅದು ಹೂವೂ ಅಲ್ಲ, ಒಂದು ಗಿಡವೂ ಅಲ್ಲ. ಶಿಲೀಂಧ್ರ ಮನೆ ಕಟ್ಟುತ್ತದೆ, ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಎರಡೂ ಸೇರಿ ಒಂದು ಸಂಸಾರ. ಸೈಮನ್ ಶ್ವೆಂಡನರ್ 1860ರ ದಶಕದಲ್ಲಿ ಹೀಗೆ ಹೇಳಿದಾಗ ಆ ಕಾಲದ ಎಷ್ಟೋ ಪಂಡಿತರು ನಂಬಲಿಲ್ಲ, ಗೇಲಿ ಮಾಡಿದರು. ಬಂಡೆಗೆ ಅಂಟಿದ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹಬ್ಬುವುದು ಅನುಮಾನ. 'ಹಾಗಾದ್ರೆ ಇದು ನನಗಿಂತ ದೊಡ್ಡದಿರಬೇಕು' ಅಂದಳು ಅಕ್ಕ, ಅಂಗೈ ಅಗಲದ ಒಂದು ಮಚ್ಚೆಯ ಪಕ್ಕ ಕೈಯಿಟ್ಟು.

ಹಕ್ಕಿಗಳ ವಿಷಯದಲ್ಲಿ ನಾನು ಕಲಿತದ್ದು ಒಂದೇ, ಕೂರಬೇಕು. ನಡೆಯುವವರಿಗೆ ಕಾಡು ಖಾಲಿ. ನಮ್ಮ ಹೆಜ್ಜೆಗಿಂತ ಮುಂದೆ ಎಚ್ಚರಿಕೆಯ ಕೂಗು ಹೋಗಿರುತ್ತದೆ. ಕಾಲು ಗಂಟೆ ಕೂತರೆ ಕಾಡು ನಮ್ಮನ್ನು ಮರೆಯುತ್ತದೆ. ಆಮೇಲೆ ಇದ್ದಕ್ಕಿದ್ದಂತೆ, ಅಷ್ಟು ಹೊತ್ತೂ ಮೌನವಾಗಿದ್ದ ಮರದಲ್ಲಿ ಹತ್ತಿಪ್ಪತ್ತು ಹಕ್ಕಿ! ಅದೂ ಒಂದೇ ಜಾತಿಯವಲ್ಲ. ಒಂದು ಎಲೆಯ ತುದಿಯಲ್ಲಿ ಹುಳ ಹುಡುಕುತ್ತದೆ, ಇನ್ನೊಂದು ತೊಗಟೆ ಕೆದಕುತ್ತದೆ, ಮತ್ತೊಂದು ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿಯುತ್ತದೆ. ಬೇರೆ ಬೇರೆ ಜಾತಿಗಳು ಹೀಗೆ ಒಟ್ಟಿಗೆ ಮೇಯಲು ಹೋಗುವುದು ಕಾಡಿನ ರೂಢಿ. ಜೊತೆಗಿದ್ದರೆ ಗಿಡುಗನನ್ನು ನೋಡುವ ಕಣ್ಣು ಜಾಸ್ತಿ. ಐದು ನಿಮಿಷದಲ್ಲಿ ಮೆರವಣಿಗೆ ಮುಂದಕ್ಕೆ ಹೋಗಿ ಮತ್ತೆ ಮೌನ.

ಒಂದು ಸಲ ಇಳಿಯುವಾಗ ಮಳೆ ಬಂತು. ಒಣಗಿದ ನೆಲಕ್ಕೆ ಮೊದಲ ಹನಿ ಬಿದ್ದಾಗ ಏಳುವ ವಾಸನೆ. ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಅನ್ನುವ ಆಸ್ಟ್ರೇಲಿಯಾದ ವಿಜ್ಞಾನಿಗಳು 1964ರಲ್ಲಿ ಇದಕ್ಕೊಂದು ಹೆಸರಿಟ್ಟರು, ಪೆಟ್ರಿಕೋರ್. ಅದರಲ್ಲಿ ಮಣ್ಣಿನ ಘಮ ಕೊಡುವುದು ಜಿಯೋಸ್ಮಿನ್ ಅನ್ನುವ ವಸ್ತು, ಮಣ್ಣಿನ ಬ್ಯಾಕ್ಟೀರಿಯಾಗಳು ಮಾಡುವಂಥದ್ದು. ಮನುಷ್ಯನ ಮೂಗು ಅದನ್ನು ಅತಿ ಅತಿ ಸ್ವಲ್ಪ ಇದ್ದರೂ ಹಿಡಿದುಬಿಡುತ್ತದೆ. ಅಕ್ಕನಿಗೆ ಇದನ್ನೆಲ್ಲ ಹೇಳಲು ಹೋದೆ. 'ಸುಮ್ನೆ ಮೂಸು ಸಾಕು' ಅಂದಳು.

ಇನ್ನು ಆ ಮರಗಳು.

ಮೊದಲ ಸಲ ಅಕ್ಕ ಕೂತಿದ್ದ ಬಂಡೆ ಕಾಡಿನ ಅಂಚಿನಲ್ಲಿದೆ. ಹಿಂದೆ ಮರಗಳು, ಮುಂದೆ ಪಡುವಣಕ್ಕೆ ಬಯಲು. ಎಷ್ಟೋ ತಿಂಗಳ ಮೇಲೆ, ಬೇರೇನೋ ಓದುತ್ತಿದ್ದಾಗ ಒಂದು ಚಿತ್ರ ಕಂಡಿತು. ಕೆಳಗಿನಿಂದ ಮೇಲೆ ನೋಡಿ ತೆಗೆದ ಚಿತ್ರ. ಮರಗಳ ನೆತ್ತಿಗಳ ನಡುವೆ ಆಕಾಶದ ತೆಳು ಗೆರೆಗಳು, ಬಿರುಕು ಬಿಟ್ಟ ಕೆರೆಯ ನೆಲದ ಹಾಗೆ. ಒಂದು ಮರದ ಕೊಂಬೆ ಇನ್ನೊಂದರ ಕೊಂಬೆಯನ್ನು ಮುಟ್ಟಿಲ್ಲ. ಇದಕ್ಕೆ ಮರಗಳ ನಾಚಿಕೆ ಅನ್ನುವ ಅರ್ಥದ ಹೆಸರೇ ಇದೆ. 1920ರ ದಶಕದಿಂದಲೂ ವಿಜ್ಞಾನಿಗಳು ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಎಲ್ಲ ಮರಗಳೂ ಹೀಗೆ ಮಾಡುವುದಿಲ್ಲ, ಕೆಲವೇ ಜಾತಿಗಳು. ಗಾಳಿಗೆ ತೂಗಾಡುವಾಗ ತುದಿಗಳು ಒಂದಕ್ಕೊಂದು ಬಡಿದು ಮುರಿಯುತ್ತವೆ, ಹಾಗಾಗಿ ಅಂತರ ಉಳಿಯುತ್ತದೆ ಅನ್ನುವುದು ಒಂದು ವಾದ. ಪಕ್ಕದ ಎಲೆಯ ಮೇಲಿಂದ ಬರುವ ಬೆಳಕಿನ ಬಣ್ಣ ತಿಳಿದು ಮರವೇ ಬೆಳವಣಿಗೆ ನಿಲ್ಲಿಸುತ್ತದೆ ಅನ್ನುವುದು ಇನ್ನೊಂದು. ಜಗಳ ಇನ್ನೂ ಮುಗಿದಿಲ್ಲ.

ಚಿತ್ರ ನೋಡಿದ ಕೂಡಲೇ ನೆನಪಾಯಿತು. 'ಒಂದನ್ನೊಂದು ಮುಟ್ಟಿಸಿಕೊಳ್ಳದ ಹಾಗೆ ನಿಂತಿವೆ.' ಇಪ್ಪತ್ತೊಂದು ಸಲ ಆ ಮರಗಳ ಕೆಳಗೇ ಹಾದು ಹೋಗಿದ್ದೆ. ಪುಸ್ತಕ ಓದದ, ಮೊದಲ ಸಲ ಬಂದ, ಮಂಡಿ ನೋಯುತ್ತಿದ್ದ ಅಕ್ಕ ಹದಿನೈದು ನಿಮಿಷದಲ್ಲಿ ಕಂಡುಬಿಟ್ಟಿದ್ದಳು. ಅವಳಿಗೆ ಫೋನ್ ಮಾಡಿ ಹೇಳಿದೆ. 'ನಾ ಆವತ್ತೇ ಹೇಳಿದ್ನಲ್ಲ' ಅಂದಳು. ಅಷ್ಟೇ. ನನ್ನ ತಪ್ಪೊಪ್ಪಿಗೆಗೆ ಜಾಗವನ್ನೇ ಕೊಡಲಿಲ್ಲ.

ಈಗ ನಾವು ತಿಂಗಳಿಗೊಂದು ಸಲವಾದರೂ ಹೋಗುತ್ತೇವೆ. ಅಕ್ಕ ಇವತ್ತಿನವರೆಗೂ ತುದಿ ನೋಡಿಲ್ಲ. ಒಮ್ಮೆ ಕೇಳಿದ್ದಳು, ಅಲ್ಲಿ ಏನಿದೆ ಅಂತ. 'ಒಂದು ಟವರ್ ಇದೆ ಅಕ್ಕಾ, ಸುತ್ತ ಬೇಲಿ. ಜನ ಫೋಟೋ ತೆಗೆಸಿಕೊಳ್ತಾ ಇರ್ತಾರೆ.' 'ಅಷ್ಟಕ್ಕಾ ನೀ ನನ್ನ ಬಿಟ್ಟು ಓಡಿದ್ದು?' ಅಂದಳು.

ಹೊತ್ತು ಅಳೆಯುವುದನ್ನು ಅವಳಿಗೆ ನಾನೇ ಕಲಿಸಿದ್ದು. ಸೂರ್ಯನ ಕಡೆ ತೋಳು ಪೂರ್ತಿ ಚಾಚಿ, ಅಂಗೈಯನ್ನು ನಮ್ಮ ಕಡೆಗೆ ಮಡಿಸಿ, ಬೆರಳುಗಳನ್ನು ಅಡ್ಡ ಹಿಡಿಯಬೇಕು. ಸೂರ್ಯನ ಕೆಳಗಂಚಿನಿಂದ ಎದುರಿನ ಗುಡ್ಡದ ಅಂಚಿನ ತನಕ ಎಷ್ಟು ಬೆರಳು ಹಿಡಿಸುತ್ತವೆ ಅಂತ ಎಣಿಸಬೇಕು. ಸೂರ್ಯನನ್ನೇ ದಿಟ್ಟಿಸಬಾರದು. ಒಂದು ಬೆರಳಿಗೆ 15 ನಿಮಿಷ ಅನ್ನುತ್ತಾರೆ. ಸೂರ್ಯ ಓರೆಯಾಗಿ ಇಳಿಯುವ ಕಡೆ ಅದು ಸುಮಾರಾಗಿ ನಡೆಯುತ್ತದೆ. ಸಮಭಾಜಕದ ಹತ್ತಿರ ಹೋದಷ್ಟೂ ಸೂರ್ಯ ನೆಟ್ಟಗೆ ಕೆಳಗೆ ಬೀಳುತ್ತಾನೆ, ಅಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಮರಗಳ ಕೆಳಗೆ ಕತ್ತಲೆಯೂ ಬೇಗ. ಹಾಗಾಗಿ ನಾವು ಬೆರಳಿಗೆ 10 ನಿಮಿಷ ಹಿಡಿಯುತ್ತೇವೆ. ಬಂಡೆಯಿಂದ ಬೋರ್ಡಿಗೆ ಅಕ್ಕನ ವೇಗದಲ್ಲಿ ಐದು ಬೆರಳು ಬೇಕು, ಜಾರಿದರೆ ಇರಲಿ ಅಂತ ಇನ್ನೆರಡು.

ಹೋದ ತಿಂಗಳು ಅಲ್ಲಿ ಕೂತಿದ್ದಾಗ ನಾನು ಎಂದಿನಂತೆ ಗಡಿಯಾರ ನೋಡಿ ಎದ್ದೆ. ಅವಳು ಏಳಲಿಲ್ಲ. ಕೈ ಚಾಚಿ, ಒಂದು ಕೈಯ ಕೆಳಗೆ ಇನ್ನೊಂದು ಕೈ ಜೋಡಿಸಿ ಎಣಿಸಿದಳು.

'ಎಂಟಿದೆ ಕಣೇ' ಅಂದಳು. 'ಇನ್ನೊಂದು ಬೆರಳು ಕೂರೋಣ.'